ಒಂದೇ ಕೋವಿಯ ಹತಾರಗಳು

ಟೂಲ್ ರೂಮಿನಲ್ಲಿ ಆಯುಷ್ಯ ಸವೆಸಿದವರಿಗೆ ತಮ್ಮದೇ ಆದ ಒಂದು ಮತವಿರುತ್ತದೆ. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ನನ್ನ ತಲೆಗೆ ತುಂಬಿದ್ದೂ ಅದನ್ನೇ. ಯಾವ ಬಿಡಿಭಾಗವೂ ಆ ಮಾದರಿಯ ಯಾವ ಯಂತ್ರಕ್ಕಾದರೂ ಹೊಂದಬೇಕು. ಇವತ್ತು ಮಾಡಿದ ಬುಷ್ ಹತ್ತು ವರ್ಷದ ಹಿಂದಿನ ಲೇತಿನೊಳಗೆ ತಕರಾರಿಲ್ಲದೆ ಕೂರಬೇಕು. ಕೂರಿಸುವವನು ಅರ ಕೈಗೆತ್ತಿಕೊಂಡನೋ, ನಮಗೆ ಅವಮಾನ. ಅರ ಹಿಡಿದನೆಂದರೆ ಡ್ರಾಯಿಂಗ್ ತಪ್ಪಿದೆ, ಇಲ್ಲವೇ ಗೇಜು ಸವೆದಿದೆ, ಅದೂ ಅಲ್ಲದಿದ್ದರೆ ಲೇತಿನ ಮುಂದಿದ್ದ ಹುಡುಗನಿಗೆ ರಾತ್ರಿ ಪಾಳಿಯ ತೂಕಡಿಕೆ.

ಇದಕ್ಕೆ ನೇರ ಎದುರಾದ ಇನ್ನೊಂದು ಮತವಿದೆ, ಅದರವರು ಮೈಕ್ರೋಮೀಟರಿನ ಹುಚ್ಚಿನಲ್ಲಿ ನಮ್ಮನ್ನೂ ಮೀರಿಸಿದವರು ಎಂದು ನನಗೆ ಗೊತ್ತಾದದ್ದು ನಿವೃತ್ತಿಯ ಮೇಲೆ, ಅಮೆರಿಕದಲ್ಲಿ. ಅವರು ಮಾಡುವ ಹತಾರ ಒಂದೇ ಒಂದು ಕೋವಿಗೆ ಹೊಂದುತ್ತದೆ. ಅದೇ ಕಾರ್ಖಾನೆಯ, ಅದೇ ಅಳತೆಯ, ಪಕ್ಕದ ನಂಬರಿನ ಕೋವಿಗೂ ಅದು ಆಗಿಬರುವುದಿಲ್ಲ. ಆಗಿಬಂದರೆ ಅವರಿಗೆ ಅನುಮಾನ.

ಜೆರ್ಸಿ ಸಿಟಿಯಲ್ಲಿ ಮಗ, ಸೊಸೆ ಆಫೀಸಿಗೆ ಹೊರಟ ಮೇಲೆ ನಮ್ಮಂಥ ಅಪ್ಪ ಅಮ್ಮಂದಿರಿಗೆ ಉಳಿಯುವ ಕೆಲಸ ಎರಡೇ. ನ್ಯೂವಾರ್ಕ್ ಅವೆನ್ಯೂಗೆ ಹೋಗಿ ಕರಿಬೇವು, ಹೀರೇಕಾಯಿ ತರುವುದು. ಹಡ್ಸನ್ ನದಿಯ ದಂಡೆಯಲ್ಲಿ ಕೂತು ಆಚೆ ದಡದ ನ್ಯೂಯಾರ್ಕನ್ನು ನೋಡುತ್ತಾ ಮಲ್ಲೇಶ್ವರದ ಸುದ್ದಿ ಆಡುವುದು. ನದಿಯ ಈ ಕಡೆಯಲ್ಲೇ ಮಾರಿಸ್ ಸ್ಟ್ರೀಟ್ ಎಂಬ ರಸ್ತೆಯಿದೆ. ಸುತ್ತ ಈಗ ಗಾಜಿನ ಗೋಪುರಗಳೆದ್ದಿವೆ. ಆ ಫಲಕ ಕಂಡದ್ದೇ ನಾನು ನಿಂತುಬಿಟ್ಟೆ. ಉದ್ದನೆಯ ಸ್ಪಿಂಡಲ್ಲಿನಲ್ಲಿ ಸಣ್ಣ ತೂತು ನೆಟ್ಟಗೆ ಕೊರೆಯುವುದು ನಮ್ಮಲ್ಲಿ ದೊಡ್ಡ ತಲೆನೋವಿನ ಕೆಲಸ. ಅದಕ್ಕೆ ಬಳಸುವ ಡ್ರಿಲ್ಲಿಗೆ ಇವತ್ತಿಗೂ ಗನ್ ಡ್ರಿಲ್ ಎಂದೇ ಹೆಸರು. ಆ ವಿಷಯ ಓದುತ್ತಾ ಹೋದವನು ಎಂದೋ ಹ್ಯಾರಿ ಪೋಪ್ ಎಂಬುವನ ಹೆಸರಿಗೆ ಬಂದು ತಲುಪಿದ್ದೆ. ಮಾರಿಸ್ ಸ್ಟ್ರೀಟಿನ 18ನೇ ನಂಬರಿನಲ್ಲಿ ಇದ್ದದ್ದು ಅವನ ವರ್ಕ್‌ಶಾಪು.

“ಪೋಪ್ ಅಂದರೆ ಚರ್ಚಿನವರಾ?” ಎಂದಳು ನನ್ನವಳು.

“ಅಲ್ಲ ಕಣೆ, ಕೋವಿಯ ನಳಿಗೆ ಮಾಡುತ್ತಿದ್ದವನು.”

“ಚರ್ಚಿನವರಾಗಿದ್ದರೇ ವಾಸಿಯಿತ್ತು.”

ಹ್ಯಾರಿ ಪೋಪ್ ಹುಟ್ಟಿದ್ದು 1861ರಲ್ಲಿ, ತೀರಿಕೊಂಡದ್ದು 1950ರಲ್ಲಿ. ಎಂಐಟಿಯಲ್ಲಿ ಓದಿದ ಎಂಜಿನಿಯರ್. ಕನೆಕ್ಟಿಕಟ್ಟಿನ ಹಾರ್ಟ್‌ಫರ್ಡಿನಲ್ಲಿ ನೌಕರಿ ಮಾಡುತ್ತಾ ಬಿಡುವಿನ ಹೊತ್ತಿನಲ್ಲಿ ನಳಿಗೆ ಕೊರೆಯಲು ಶುರುಮಾಡಿದ. 1901ರಲ್ಲಿ ಸ್ಟೀವನ್ಸ್ ಕಂಪನಿ ಅವನನ್ನು ಕರೆದುಕೊಂಡು ಅವನ ಹೆಸರನ್ನೂ ತನ್ನ ಹೆಸರಿಗೆ ಸೇರಿಸಿ ರೈಫಲ್ ಮಾರಿತು. ಕೆಲವು ವರ್ಷಕ್ಕೆ ಅಲ್ಲಿಂದ ಹೊರಬಿದ್ದು ಸ್ಯಾನ್‌ಫ್ರಾನ್ಸಿಸ್ಕೋಗೆ ಹೋಗಿ ಅಂಗಡಿ ಹೂಡಿದ. ಹೂಡಿದ್ದು 1906ರ ಏಪ್ರಿಲ್‌ನಲ್ಲಿ. ಆ ತಿಂಗಳ 18ರ ಬೆಳಗ್ಗೆ ಊರಿಗೆ ಊರೇ ಕುಸಿಯಿತು, ಉಳಿದದ್ದಕ್ಕೆ ಬೆಂಕಿ ಬಿತ್ತು. ಅಂಗಡಿಯೂ ಹೋಯಿತು, ಹತಾರಗಳೂ ಹೋದವು. ಮತ್ತೆ ಪೂರ್ವಕ್ಕೆ ಬಂದು ಜೆರ್ಸಿ ಸಿಟಿಯಲ್ಲಿ ನೆಲೆಯಾಗಿ ಮುಪ್ಪಿನವರೆಗೂ ಅಲ್ಲೇ ನಳಿಗೆ ಕೊರೆದ. ಅವನಿಗೆ ಕೆಲಸ ಕೊಟ್ಟವರು ವರ್ಷಗಟ್ಟಲೆ ಕಾಯುತ್ತಿದ್ದರಂತೆ. ಬೇಗ ಕೊಡಿ ಎಂದವರ ಕೆಲಸ ಇನ್ನೂ ಹಿಂದಕ್ಕೆ ಹೋಗುತ್ತಿತ್ತೋ ಏನೋ. ನಾನಾಗಿದ್ದರೆ ಖಂಡಿತ ತಳ್ಳುತ್ತಿದ್ದೆ.

ಕೋವಿ ನನಗೆ ಪೂರ್ತಿ ಹೊಸದೇನಲ್ಲ. ನನ್ನ ಅಮ್ಮನ ತವರು ತೀರ್ಥಹಳ್ಳಿ ಕಡೆ. ಸೋದರಮಾವನಲ್ಲಿ ಲೈಸೆನ್ಸಿನ ಕೇಪಿನ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಕೂತು ಬರುತ್ತಿತ್ತು. ತೋಟಕ್ಕೆ ನುಗ್ಗುವ ಮಂಗ, ಹಂದಿಗಳನ್ನು ಬೆದರಿಸುವುದು ಅದರ ಕಸುಬು. ಮಾವ ಅಂಗೈಯ ಗುಳಿಗೆ ಮದ್ದು ಸುರಿದುಕೊಂಡು ಕಣ್ಣಂದಾಜಿನಲ್ಲೇ ನಳಿಗೆಗೆ ಬಗ್ಗಿಸುತ್ತಿದ್ದ. ಮೇಲೆ ಒಂದಿಷ್ಟು ತೆಂಗಿನ ನಾರು, ಗಜದಿಂದ ನಾಲ್ಕು ಗುದ್ದು, ಆಮೇಲೆ ಚರೆ, ಮತ್ತೆ ನಾರು. ಕೊನೆಗೆ ಮೊಲೆಗೆ ಕೇಪು ಸಿಕ್ಕಿಸಿದರೆ ಈಡು ತಯಾರು. ಹಂದಿಗೆ ತಗುಲುವುದಕ್ಕಿಂತ ಸದ್ದಿಗೇ ಅಲ್ಲಿ ಹೆಚ್ಚು ಬೆಲೆ. ಅಂದಾಜು ಎನ್ನುವುದು ಮಾವನ ಕೋವಿಯ ಆರನೆಯ ಬಿಡಿಭಾಗವಾಗಿತ್ತು. ಹಾಗಾಗಿ ಮೂತಿಯಿಂದ ತುಂಬುವ ಕೋವಿ ಎಂದರೆ ಹಳೆಯದು, ಒರಟು ಎಂದೇ ನಾನು ತಿಳಿದಿದ್ದೆ. ಲೋಕದ ಅತಿ ನಿಖರವಾದ ರೈಫಲ್ಲುಗಳನ್ನು ಮಾಡಿದ ಮನುಷ್ಯ, ತೋಟಾ ಕೋವಿಗಳು ಬಂದು ಎಷ್ಟೋ ಕಾಲವಾದ ಮೇಲೂ, ಗುಂಡನ್ನು ಮೂತಿಯಿಂದಲೇ ತುಂಬಿಸುತ್ತಿದ್ದ ಎಂದು ಓದಿದಾಗ ಕುತೂಹಲ ತಡೆಯಲಾಗಲಿಲ್ಲ.

ಪೋಪನ ಗಿರಾಕಿಗಳು ಬೇಟೆಗಾರರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಕ್ಕೆ ಬಂದ ಜರ್ಮನರು, ಸ್ವಿಸ್ ಜನ ತಮ್ಮ ಹಾಡು, ಬಿಯರುಗಳ ಜೊತೆ ಶ್ಯೂಟ್ಸನ್ ಎಂಬ ಗುರಿ ಪಂದ್ಯವನ್ನೂ ತಂದರು. ಒಂದೊಂದು ಊರಿನಲ್ಲೂ ಅದರ ಸಂಘ, ಅದಕ್ಕೊಂದು ಪಾರ್ಕು. ಜೆರ್ಸಿ ಸಿಟಿಯಿಂದ ತುಸು ಉತ್ತರದ ಯೂನಿಯನ್ ಹಿಲ್ಲಿನಲ್ಲಿ ಅಂಥದೊಂದು ದೊಡ್ಡ ಪಾರ್ಕೇ ಇತ್ತು. ಹಬ್ಬದಲ್ಲಿ ಮರದ ಹದ್ದನ್ನು ಹೊಡೆದು ಕೆಡವಿದವನು ಆ ವರ್ಷದ ರಾಜ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಲ್‌ಪೊಳ್ದಿನ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಊರೆಲ್ಲ ಸೇರಿ ನಗುವ ಜನ ಅವರು. ಗುರಿ ಹೊಡೆಯುವುದು ಅಲ್ಲಿಯೂ ಇಲ್ಲಿಯೂ ಮನೆಮಂದಿಯ ಹಬ್ಬ.

ಅಮೆರಿಕದ ಪಂದ್ಯದ ನಿಯಮ ಮಾತ್ರ ಕಠಿಣ. ದೂರ 200 ಗಜ, ನಿಂತೇ ಹೊಡೆಯಬೇಕು, ಯಾವುದಕ್ಕೂ ಒರಗುವಂತಿಲ್ಲ. ಗುರಿಹಲಗೆಯ ನಟ್ಟನಡುವಿನ 25 ಅಂಕದ ವೃತ್ತದ ವ್ಯಾಸ ಒಂದೂವರೆ ಇಂಚು. ರೈಫಲ್ಲು ಒಂದು ಸಲಕ್ಕೆ ಒಂದೇ ಈಡಿನದು, ಮೈಭಾರದ್ದು. ಬುಡ ತೋಳಿಗೆ ಕೊಕ್ಕೆಯಂತೆ ಹಿಡಿದುಕೊಳ್ಳುತ್ತದೆ, ಅಡಿಯಲ್ಲಿ ಅಂಗೈಗೆ ಆನಿಕೆಯಾಗಿ ಒಂದು ಗುಂಡಿ. ಕುದುರೆಗಳು ಎರಡು: ಒಂದನ್ನು ಎಳೆದು ಸಜ್ಜುಮಾಡಿದರೆ ಇನ್ನೊಂದು ಬೆರಳು ಸೋಕಿದರೆ ಸಾಕು ಹಾರುತ್ತದೆ. ಇಷ್ಟೆಲ್ಲ ಏರ್ಪಾಟು ಮಾಡಿಕೊಂಡ ಮೇಲೆ ಉಳಿಯುವ ತಪ್ಪು ಎಲ್ಲಿಂದ ಬರಬೇಕು? ಮನುಷ್ಯನ ಕೈನಡುಕದಿಂದ, ಅಥವಾ ಈಡಿನಿಂದ. ಕೈಯನ್ನು ದೇವರಿಗೆ ಬಿಟ್ಟು ಅವರು ಈಡಿನ ಹಿಂದೆ ಬಿದ್ದರು.

ಮಗನ ಸಹೋದ್ಯೋಗಿಯೊಬ್ಬನ ಮಾವ ಪೆನ್ಸಿಲ್ವೇನಿಯದವರು, ನನ್ನ ವಾರಿಗೆಯವರೇ, ನಿವೃತ್ತ ಮೆಷಿನಿಸ್ಟ್. ನನ್ನ ಹುಚ್ಚು ಕೇಳಿ ಮನೆಗೆ ಕರೆದರು. ಅವರಲ್ಲಿ ಹಿರಿಯರಿಂದ ಬಂದ ಒಂದು ಪೋಪ್ ನಳಿಗೆಯ ರೈಫಲ್ಲಿದೆ, ಅದರದೇ ಹತಾರಗಳ ವಾಲ್‌ನಟ್ ಮರದ ಪೆಟ್ಟಿಗೆಯಿದೆ. ಕಾರಿನಿಂದ ಇಳಿಯುವಾಗಲೇ ನನ್ನವಳು ಕಿವಿಯಲ್ಲಿ ಹೇಳಿದಳು: “ರೀ, ನೀವು ಬಂದೂಕು ಮುಟ್ಟಬೇಡಿ. ವೀಸಾ ಇದೆ.” ನಾನು ಮುಟ್ಟಲಿಲ್ಲ. ಪೆಟ್ಟಿಗೆಯನ್ನು ಮುಟ್ಟಬಾರದೆಂದು ಅವಳು ಹೇಳಿರಲಿಲ್ಲ.

ಮೊದಲು ಕೈಗೆ ಬಂದದ್ದು ಹೆಬ್ಬೆರಳಿನಷ್ಟು ಉದ್ದದ ಉಕ್ಕಿನ ತುಂಡು. ಫಾಲ್ಸ್ ಮಝಲ್, ಹುಸಿಮೂತಿ ಎನ್ನೋಣ. ಇದನ್ನು ಕಂಡುಹಿಡಿದು 1840ರಲ್ಲಿ ಪೇಟೆಂಟ್ ಪಡೆದವನು ಮ್ಯಾಸಚೂಸೆಟ್ಸಿನ ಆಲ್ವನ್ ಕ್ಲಾರ್ಕ್. ಮುಂದೆ ದೂರದರ್ಶಕದ ಮಸೂರಗಳಿಗೆ ಜಗತ್ಪ್ರಸಿದ್ಧನಾದವನು ಅವನೇ. ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯದ 36 ಇಂಚಿನ ಮಸೂರ ಅವನ ಮನೆತನದ ಕಾರ್ಖಾನೆಯದು. 1862ರಲ್ಲಿ ಅಲ್ಲಿ ತಯಾರಾದ ಇನ್ನೊಂದು ಮಸೂರವನ್ನು ಪರೀಕ್ಷಿಸುತ್ತಿದ್ದಾಗ ಅವನ ಮಗನಿಗೆ ಲುಬ್ಧಕ ನಕ್ಷತ್ರದ ಮಂಕಾದ ಜೊತೆಗಾರ ಕಣ್ಣಿಗೆ ಬಿತ್ತು. ಗಾಜನ್ನು ಬೆರಳಿನಿಂದ ತೀಡಿ ತೀಡಿ ತಿದ್ದುವ ಕೈಗೆ ಕೋವಿಯ ಮೂತಿಯ ಮೇಲೂ ಕಣ್ಣು ಹೋದದ್ದು ಆಶ್ಚರ್ಯವಲ್ಲ.

ಹುಸಿಮೂತಿ ಮಾಡುವ ಕ್ರಮ ಕೇಳಿದರೆ ಟೂಲ್ ರೂಮಿನವರು ಕೈಮುಗಿಯಬೇಕು. ನಳಿಗೆಯನ್ನು ಬೇಕಾದ್ದಕ್ಕಿಂತ ಉದ್ದ ಇಟ್ಟುಕೊಂಡು ತುದಿಯ ತುಂಡನ್ನು ಕತ್ತರಿಸಿ, ಪಿನ್ನುಗಳಿಂದ ಮತ್ತೆ ಅದೇ ಜಾಗಕ್ಕೆ ಕೂರಿಸುತ್ತಾರೆ. ಒಳಗಿನ ಸುರುಳಿ ಗೀರುಗಳನ್ನು ಕೊರೆಯುವುದು ಆಮೇಲೆ, ಎರಡರಲ್ಲೂ ಒಟ್ಟಿಗೆ. ಆಗ ತುಂಡಿನ ಗೀರು ನಳಿಗೆಯ ಗೀರಿಗೆ ಕೂದಲೆಳೆಯೂ ತಪ್ಪದೆ ಸೇರುತ್ತದೆ. ಗುಂಡು ತುಂಬುವಾಗ ಇದನ್ನು ಮೂತಿಗೆ ಸಿಕ್ಕಿಸಿ, ಬಾಯಿಗೆ ಗುಂಡಿಟ್ಟು, ಪಿಸ್ಟನ್ನಿನಂಥ ಒತ್ತುಗೋಲಿನಿಂದ ಒಳಗೆ ಅಮುಕುತ್ತಾರೆ. ಗುಂಡು ನೆಟ್ಟಗೆ ಹೋಗುತ್ತದೆ, ನಿಜವಾದ ಮೂತಿಗೆ ಸವೆತ ತಟ್ಟುವುದಿಲ್ಲ. ಆಮೇಲೆ ಗಜದಿಂದ ಅದನ್ನು ಬುಡದವರೆಗೆ ದಬ್ಬಿ, ಮದ್ದು ತುಂಬಿದ ಕೇಸನ್ನು ಹಿಂದಿನಿಂದ ಇಡುವುದು ಪೋಪನ ಪದ್ಧತಿ. ಹೊಡೆಯುವ ಮೊದಲು ಹುಸಿಮೂತಿ ತೆಗೆಯಲು ಮರೆತರೆ? ಹಿಂದಿನವರು ಅದಕ್ಕೂ ಉಪಾಯ ಹೂಡಿದ್ದರು. ಎಷ್ಟೋ ಹುಸಿಮೂತಿಗಳ ನೆತ್ತಿಯ ಮೇಲೆ ಒಂದು ತಡಿಕೆ ನಿಂತಿರುತ್ತದೆ. ಅದು ಗುರಿಕಣ್ಣಿಗೆ ಅಡ್ಡ. ತೆಗೆಯದೆ ಗುರಿಯೇ ಕಾಣುವುದಿಲ್ಲ. ಮರೆವನ್ನು ಬೈಯುವ ಬದಲು ಮರೆವಿಗೆ ಜಾಗವೇ ಇಲ್ಲದಂತೆ ಮಾಡುವುದು ಒಳ್ಳೆಯ ಜಿಗ್ಗಿನ ಲಕ್ಷಣ. ಇದರಲ್ಲಿ ಮಾತ್ರ ಅವರ ಮತವೂ ನಮ್ಮ ಮತವೂ ಒಂದೇ.

ಇಷ್ಟು ಅವಸ್ಥೆ ಯಾಕೆ ಎಂಬುದು ಗುಂಡಿನ ಬುಡದಲ್ಲಿದೆ. ಮೆತ್ತಗಿನ ಸೀಸ ಗೀರುಗಳೊಳಗೆ ನುಗ್ಗುವಾಗ ಅಂಚಿನಲ್ಲಿ ಸಣ್ಣ ಎಳೆಗಳು ಏಳುತ್ತವೆ. ಹಿಂದಿನಿಂದ ತಳ್ಳಿದರೆ ಆ ಎಳೆಗಳು ಬುಡಕ್ಕೆ ಬಂದು ಅಂಟಿಕೊಳ್ಳುತ್ತವೆ. ಮೂತಿಯಿಂದ ತುಂಬಿದರೆ ಮೂಗಿನ ಕಡೆಗೆ ಸರಿಯುತ್ತವೆ, ಬುಡ ಚೊಕ್ಕಟವಾಗಿ ಉಳಿಯುತ್ತದೆ. ಬುಡ ಅಷ್ಟೊಂದು ಮುಖ್ಯವೇ? ಮ್ಯಾಸಚೂಸೆಟ್ಸಿನ ಮಿಲ್‌ಫರ್ಡಿನಲ್ಲಿ ಫ್ರಾಂಕ್ಲಿನ್ ಮ್ಯಾನ್ ಎಂಬ ವೈದ್ಯನಿದ್ದ. ವೈದ್ಯಕ್ಕಿಂತ ಗುಂಡಿನ ಹಾರಾಟದ ಮೇಲೇ ಅವನಿಗೆ ಜೀವ. ಕಾಂಕ್ರೀಟಿನ ದಿಮ್ಮಿ ಹಾಕಿಸಿ ನಳಿಗೆಯನ್ನು ಅದರ ಮೇಲೆ ಕೂರಿಸಿ, ಮನುಷ್ಯನ ಕೈಯನ್ನೇ ಲೆಕ್ಕದಿಂದ ತೆಗೆದುಹಾಕಿದ. ಗುಂಡು ಹೋಗುವ ದಾರಿಯುದ್ದಕ್ಕೂ ತೆಳುಕಾಗದದ ಪರದೆ ಕಟ್ಟಿ ತೂತುಗಳನ್ನು ಅಳೆದ. ಬೇಕೆಂದೇ ಕೆಲವು ಗುಂಡುಗಳ ಮೂಗನ್ನು ವಿಕಾರ ಮಾಡಿ, ಇನ್ನು ಕೆಲವುಗಳ ಬುಡವನ್ನು ಕೆತ್ತಿ ಹೊಡೆದು ನೋಡಿದ. ಮೂಗು ಕೆಟ್ಟ ಗುಂಡು ಹೆಚ್ಚುಕಡಿಮೆ ಸರಿಯಾಗಿಯೇ ಹೋಯಿತು. ಬುಡ ಕೆಟ್ಟದ್ದು ದಿಕ್ಕುಗೆಟ್ಟಿತು. ಮೂತಿಯನ್ನು ಬಿಡುವ ಆ ಕ್ಷಣದಲ್ಲಿ ಹಿಂದಿನ ಅನಿಲ ಬುಡದ ಸುತ್ತ ಒಂದೇ ಸಮನೆ ನುಗ್ಗದೆ ಒಂದು ಮಗ್ಗುಲಲ್ಲಿ ಮೊದಲು ನುಗ್ಗಿದರೆ ಗುಂಡು ಓಲಾಡುತ್ತದೆ. ಇದನ್ನೆಲ್ಲ ಅವನು 1909ರಲ್ಲಿ ದಪ್ಪ ಪುಸ್ತಕವಾಗಿ ಅಚ್ಚುಹಾಕಿಸಿದ. ಅವನ ಎಷ್ಟೋ ಪ್ರಯೋಗಗಳ ನಳಿಗೆ ಪೋಪನ ಕೈಯದು.

ಪೆಟ್ಟಿಗೆಯಿಂದ ಮುಂದೆ ಬಂದದ್ದು ಗುಂಡಿನ ಅಚ್ಚು. ಕಾರ್ಖಾನೆಯ ಅಚ್ಚುಗಳಲ್ಲಿ ಸೀಸವನ್ನು ಸಾಮಾನ್ಯವಾಗಿ ಬುಡದ ಕಡೆಯಿಂದ ಎರೆಯುತ್ತಾರೆ. ಪೋಪನ ಅಚ್ಚಿನಲ್ಲಿ ಎರೆಯುವ ಬಾಯಿ ಮೂಗಿನ ಕಡೆ. ಕತ್ತರಿಸಿದ ಗುರುತು ಎಲ್ಲಿಯಾದರೂ ಉಳಿಯಲೇಬೇಕಲ್ಲ; ಉಳಿದರೆ ಮೂಗಿನ ಮೇಲೆ ಉಳಿಯಲಿ, ಬುಡಕ್ಕೆ ಬೇಡ. ಸೀಸಕ್ಕೆ ಬೆರೆಸುವ ತವರವೂ ಲೆಕ್ಕದ್ದು, 25 ಪಾಲಿಗೆ ಒಂದೋ 30ಕ್ಕೆ ಒಂದೋ ಎಂಬುದರ ಮೇಲೆ ಗಂಟೆಗಟ್ಟಲೆ ವಾದ ನಡೆಯುತ್ತದೆ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕುಗಟ್ಟುತ್ತದೆ, ಅತಿಯಾಗಿ ಕಾದರೆ ಮಂಜು ಹಿಡಿದಂತೆ ಬಿಳಿಚಿಕೊಳ್ಳುತ್ತದೆ. ಎರಡರ ನಡುವಿನ ಹದ ಸಿಕ್ಕಿದ ಮೇಲೆ ಒಲೆಯ ಮುಂದಿನಿಂದ ಏಳುವಂತಿಲ್ಲ, ಫೋನ್ ಬಂದರೂ. ಎರೆದ ಗುಂಡುಗಳನ್ನು ತಣಿದ ಮೇಲೆ ಒಂದೊಂದಾಗಿ ತೂಗಿ, ಹೆಚ್ಚುಕಡಿಮೆ ಬಂದದ್ದನ್ನು ಮತ್ತೆ ಕರಗಿದ ಸೀಸಕ್ಕೇ ಹಾಕುತ್ತಾರೆ. ತೂಕ ಗ್ರೇನಿನಲ್ಲಿ, 7000 ಗ್ರೇನಿಗೆ ಒಂದು ಪೌಂಡು. ಅವರ ಅಚ್ಚುಮೆಚ್ಚಿನ .32-40 ಅಳತೆಯಲ್ಲಿ ಕಪ್ಪು ಮದ್ದು 40 ಗ್ರೇನ್, ಅಂದರೆ ಎರಡೂವರೆ ಗ್ರಾಮಿನ ಮೇಲೆ ಚೂರು. ಚಿನ್ನ ತೂಗುವ ಅಕ್ಕಸಾಲಿಗನನ್ನು ಬಿಟ್ಟರೆ ಇಷ್ಟು ಉಸಿರು ಬಿಗಿಹಿಡಿದು ತೂಗುವವರನ್ನು ನಾನು ನೋಡಿಲ್ಲ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಿತ್ತಾಳೆಯ ಕೇಸು. ಪೆಟ್ಟಿಗೆಯಲ್ಲಿ ಇದ್ದದ್ದು ಒಂದು. ಉಳಿದವು ಎಲ್ಲಿ ಎಂದು ಕೇಳಿದೆ. ಅವರು ನಕ್ಕರು. ಇಡೀ ಪಂದ್ಯಕ್ಕೆ ಅದೊಂದೇ! ಹೊಡೆದ ಮೇಲೆ ಹೊರಗೆ ತೆಗೆದು, ಸುಟ್ಟ ಕೇಪನ್ನು ಕುಟ್ಟಿ ಬೀಳಿಸಿ, ಹೊಸದು ಕೂರಿಸಿ, ಪಕ್ಕದ ಬೆಂಚಿಗೆ ಬಿಗಿದ ಅಳತೆಯಂತ್ರದಿಂದ ಮದ್ದು ಇಳಿಸಿ, ಬಾಯಿಗೆ ತೆಳು ಬಿಲ್ಲೆ ಒತ್ತಿ, ಮತ್ತೆ ಅದನ್ನೇ ಒಳಗಿಡುವುದು. ಎರಡು ಕೇಸು ಎಂದರೆ ಎರಡು ಗೋಡೆದಪ್ಪ, ಎರಡು ಹೊಟ್ಟೆ. ಒಂದೇ ಆದರೆ ಆ ವ್ಯತ್ಯಾಸದ ಮಾತೇ ಇಲ್ಲ. ಸಾಲದು ಎಂದು ಕೇಸಿನ ಅಂಚಿನಲ್ಲಿ ಒಂದು ಗೀರು ಹಾಕಿ, ಪ್ರತಿ ಸಲವೂ ಅದು ಮೇಲ್ಗಡೆಗೇ ಬರುವಂತೆ ಇಡುತ್ತಾರೆ. ಸಾವಿರ ಬುಷ್‌ಗಳನ್ನು ಒಂದೇ ತರ ಮಾಡಲು ನಾವು ಜಾಲಹಳ್ಳಿಯಲ್ಲಿ ಹೆಣಗಿದೆವು. ಇವರು ಸಾವಿರದ ಗೊಡವೆಯನ್ನೇ ಬಿಟ್ಟು ಒಂದನ್ನೇ ಸಾವಿರ ಸಲ ಬಳಸಿದರು. ಲೆಕ್ಕಾಚಾರದಲ್ಲಿ ಇದು ಮೋಸ. ಆದರೆ ಎಂಥ ಚೆಂದದ ಮೋಸ!

ಈ ಕಸುಬಿಗೆ ಕಾರ್ಖಾನೆಯ ಹತಾರಗಳೂ ಇದ್ದವು. 1884ರಲ್ಲಿ ಕನೆಕ್ಟಿಕಟ್ಟಿನ ನ್ಯೂ ಹೇವನ್ನಿನಲ್ಲಿ ಜಾನ್ ಬಾರ್ಲೋ ಎಂಬುವನು ಐಡಿಯಲ್ ಎಂಬ ಕಂಪನಿ ಹೂಡಿ ಅಡಕತ್ತರಿಯನ್ನೇ ಹೋಲುವ ಕೈಹತಾರವನ್ನು ಮಾರಿದ. ಎರಡು ಹಿಡಿ, ನಡುವೆ ಕೀಲು; ಹಿಂಡಿದರೆ ಕೇಪು ಬೀಳುವುದು, ಕೂರುವುದು, ಗುಂಡು ಒತ್ತುವುದು ಎಲ್ಲ ಒಂದರಲ್ಲೇ. ಅಗ್ಗ, ಗಟ್ಟಿ, ಜೇಬಿಗೆ ಹಿಡಿಯುವಂಥದು. 1925ರಲ್ಲಿ ಆ ಕೆಲಸ ಲೈಮನ್ ಕಂಪನಿಯ ಕೈಗೆ ಹೋಯಿತು. ನನ್ನ ಮತದ ಹತಾರ ಅದು, ಯಾರ ಕೋವಿಗಾದರೂ ಸರಿ. ಬೇಟೆಗಾರನಿಗೆ ಅಷ್ಟು ಸಾಕು. 200 ಗಜದಲ್ಲಿ ಒಂದೂವರೆ ಇಂಚಿನ ವೃತ್ತ ಬೇಕೆನ್ನುವವನಿಗೆ ಸಾಲದು. ಅವನು ಪೋಪನ ಮೆಟ್ಟಿಲು ಹತ್ತಬೇಕು. ಇಲ್ಲವೇ ಡೆನ್ವರಿನ ಶೋಯೆನ್, ಸಿರಕ್ಯೂಸಿನ ಜಿಶಾಂಗ್ ಹತ್ತಿರ ಹೋಗಬೇಕು. 1901ರಲ್ಲಿ ಕೊಲರಾಡೋದ ಚಾರ್ಲ್ಸ್ ರೋಲೆಂಡ್ ಎಂಬುವನು ಪೋಪನ ನಳಿಗೆಯಿಂದ, ಆನಿಕೆಯ ಮೇಲಿಟ್ಟು, 200 ಗಜದಲ್ಲಿ ಹತ್ತು ಗುಂಡು ಹೊಡೆದ. ಹತ್ತೂ ತೂತುಗಳ ನಡುನಡುವಿನ ಅಂತರ ಮುಕ್ಕಾಲು ಇಂಚಿನೊಳಗೆ. ಸೀಸದ ಗುಂಡಿನಲ್ಲಿ, ಇಂದಿನ ಯಾವ ಸೌಕರ್ಯವೂ ಇಲ್ಲದ ಕಾಲದಲ್ಲಿ.

ಇಂಥದನ್ನು ಕೇಳಿದವರು ‘ಆಹಾ, ಹಳೆಯವರ ಕೈಗುಣ’ ಎಂದು ನಿಟ್ಟುಸಿರು ಬಿಡುತ್ತಾರೆ. ನನಗೆ ಆ ಮಾತು ಒಗ್ಗುವುದಿಲ್ಲ. ಕೈಗುಣವೊಂದರಿಂದಲೇ ಆಗುವಂತಿದ್ದರೆ ನನ್ನ ಮಾವನೂ ಹದ್ದು ಕೆಡವಿ ರಾಜನಾಗಬೇಕಿತ್ತು. ಪೋಪ್ ಓದಿದ ಎಂಜಿನಿಯರ್, ತನ್ನ ಯಂತ್ರಗಳ ಎಡವಟ್ಟನ್ನು ಬಲ್ಲವನು, ಅಳೆಯದೆ ಒಂದು ಹೆಜ್ಜೆ ಇಡದವನು. ಕೈಯಲ್ಲಿ ಮಾಡಿದ್ದು ಕೈಯ ಮೇಲಿನ ಭಕ್ತಿಯಿಂದಲ್ಲ. ತನಗೆ ಬೇಕಾದಷ್ಟು ಸಣ್ಣ ವ್ಯತ್ಯಾಸವನ್ನು ಆ ಕಾಲದ ಕಾರ್ಖಾನೆ ಹಿಡಿದುಕೊಡಲಾರದು ಎಂದು ಅವನಿಗೆ ಗೊತ್ತಿತ್ತು, ಅಷ್ಟೆ.

ಮೊದಲ ಮಹಾಯುದ್ಧ ಬಂತು. ಜರ್ಮನ್ ಹೆಸರಿದ್ದದ್ದೆಲ್ಲ ಅಮೆರಿಕನ್ನರಿಗೆ ಅಪಥ್ಯವಾಯಿತು, ಶ್ಯೂಟ್ಸನ್ ಸಂಘಗಳು ಬಾಗಿಲು ಹಾಕಿದವು, ಪಾರ್ಕುಗಳು ಬೇರೆ ಕೆಲಸಕ್ಕೆ ಹೋದವು. ರೈಫಲ್ಲು ಒಬ್ಬರ ಪಾಲಿಗೆ, ಪೆಟ್ಟಿಗೆ ಇನ್ನೊಬ್ಬರ ಪಾಲಿಗೆ ಹಂಚಿಹೋದ ಮನೆಗಳು ಎಷ್ಟೋ. ಹಾಗೆ ಅಗಲಿದ ಅಚ್ಚು ಹಳೇ ಕಬ್ಬಿಣವೇ ಸರಿ. ಇನ್ನೊಂದು ನಳಿಗೆಗೆ ಅದರ ಗುಂಡು ಸಡಿಲವೋ ಬಿಗಿಯೋ ಆಗುತ್ತದೆ. 1948ರಲ್ಲಿ ಒಂದಷ್ಟು ಜನ ಸೇರಿ ಅಮೆರಿಕನ್ ಸಿಂಗಲ್ ಶಾಟ್ ರೈಫಲ್ ಅಸೋಸಿಯೇಷನ್ ಕಟ್ಟಿದರು. ಅಲ್ಲಿಂದ ಈಚೆಗೆ ಆಟ ಮೆಲ್ಲಗೆ ಉಸಿರಾಡುತ್ತಿದೆ. ಹಳೆಯ ಹತಾರ ಕಳೆದುಕೊಂಡವರಿಗೆ ಹೊಸದು ಮಾಡಿಕೊಡುವವರು ಮನೆಯ ಹಿಂದಿನ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡ ನಮ್ಮಂಥ ನಿವೃತ್ತರು.

ಪೆನ್ಸಿಲ್ವೇನಿಯದ ಗೃಹಸ್ಥರು ಹುಸಿಮೂತಿಯನ್ನು ಈಗ ಬಳಸುವುದು ಕಮ್ಮಿ. ಮೂತಿಯಿಂದ ತುಂಬುವುದು ನಿಧಾನ ಎಂದು, ಗುಂಡನ್ನು ಹಿಂದಿನಿಂದಲೇ ಗೀರುಗಳೊಳಗೆ ನೆಟ್ಟಗೆ ಕೂರಿಸುವ ಸನ್ನೆಕೋಲನ್ನು ಸ್ವತಃ ಮಾಡಿಕೊಂಡಿದ್ದಾರೆ. ಎಳೆಗಳು ಬುಡಕ್ಕೆ ಬರಬಾರದೆಂದು ಗುಂಡಿನ ಅಳತೆಯನ್ನು ನಳಿಗೆಗೆ ಸರಿಯಾಗಿ ಹೊಂದಿಸಿಕೊಂಡಿದ್ದಾರೆ. ಆ ಸನ್ನೆಕೋಲಿಗೆ ನಾನು ಮನಸೋತೆ. ಕೊಂಡಿ, ದಿಂಡು, ತುದಿಯಲ್ಲಿ ಗುಂಡಿನ ಬುಡಕ್ಕೆ ಹೊಂದುವ ಚಪ್ಪಟೆ ಮುಖ; ಎಲ್ಲವೂ ಹೊಳಪಿಗಿಂತ ನಯಕ್ಕೆ ಮಹತ್ವ ಕೊಟ್ಟ ಕೆಲಸ. ನೆನಪಿಗೆಂದು ಅವರು ಎರಕದ ಒಂದು ಗುಂಡನ್ನು ಕೊಡಲು ಬಂದರು. ಕೆಂಪೇಗೌಡ ವಿಮಾನನಿಲ್ದಾಣದ ಸ್ಕ್ಯಾನರಿನಲ್ಲಿ ಅದು ಕಾಣಿಸಿಕೊಂಡರೆ ಆಗುವ ಸಂಭಾಷಣೆಯನ್ನು ನನ್ನವಳು ಅವರಿಗೆ ತನ್ನ ಇಂಗ್ಲಿಷಿನಲ್ಲಿ ವಿವರಿಸಿದಳು. ಗುಂಡು ಪೆಟ್ಟಿಗೆಗೆ ವಾಪಸಾಯಿತು. ಬದಲಿಗೆ ಸನ್ನೆಕೋಲಿನ ಚಿತ್ರ ಬರೆದುಕೊಳ್ಳುತ್ತೇನೆ ಎಂದೆ.

ಅವರ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹಾಸಿ ಮೂರು ನೋಟದಲ್ಲಿ ಬರೆದೆ. ಅಳತೆ ಹಾಕಿದೆ. ಅಭ್ಯಾಸಬಲದಿಂದ ದಿಂಡಿನ ವ್ಯಾಸದ ಪಕ್ಕದಲ್ಲಿ ಟಾಲರೆನ್ಸನ್ನೂ ನಮೂದಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು, ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ವ್ಯಾಸ, ಟಾಲರೆನ್ಸ್ ಎರಡನ್ನೂ ಹೊಡೆದುಹಾಕಿ, ಚೇಂಬರಿಗೆ ಕೂರುವಷ್ಟು ಎಂದು ಬರೆದರು. ಯಾವ ಚೇಂಬರಿಗೆ ಎಂದೆ. ಕಪಾಟಿನ ಕಡೆ ಬೊಟ್ಟು ಮಾಡಿದರು. ಹಾಗೆ ಬರೆದ ಡ್ರಾಯಿಂಗನ್ನು ನಮ್ಮ ಇನ್‌ಸ್ಪೆಕ್ಷನ್ ವಿಭಾಗ ಪಾಸು ಮಾಡುತ್ತಿರಲಿಲ್ಲ, ಚೇಂಬರನ್ನು ಪ್ಲಗ್ ಗೇಜಿನಿಂದ ಅಳೆದು ಅಂಕಿ ಹಾಕಬಹುದಲ್ಲ ಎಂದು ನಾನು. ಅಳೆದ ಮೇಲೂ ಕೊನೆಗೆ ಆ ಚೇಂಬರಿಗೇ ಹೊಂದಿಸಬೇಕು, ಅಂಕಿಯಿಂದ ಏನು ಬಂತು ಎಂದು ಅವರು. ಕಾಫಿ ಎರಡು ಸಲ ಬಂತು. ನಾಲ್ಕನೆಯ ನೋಟ ಬರೆಯಲು ಇನ್ನೊಂದು ಹಾಳೆ ಇದೆಯೇ ಎಂದು ಕೇಳಿದೆ.